ಕಾಲುರಿ ತಾನಾಗಿ ಇಳಿದಿದೆ: ಸಕ್ಕರೆ ಕಾಯಿಲೆ ಹತೋಟಿಗೆ ಬಂತೆಂದು ತಿಳಿಯಬಹುದೇ?

ಪಾಂಡವಪುರದ ಮಗಳು:

ನಮ್ಮ ತಂದೆಯವರಿಗೆ 61 ವರ್ಷ. ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ಕಬ್ಬು, ಭತ್ತ ಬೆಳೆಯುತ್ತಾರೆ. ಹಂಗಾಮು ಬಂದರೆ ದೊಡ್ಡಪ್ಪನವರ ಆಲೆಮನೆಯಲ್ಲಿ ಪಾಕ ನೋಡುವ ಕೆಲಸವೂ ಅವರದೇ. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದು 11 ವರ್ಷಗಳಾದವು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿರುವ ಮಾತ್ರೆಯನ್ನು ಅಂದಿನಿಂದಲೂ ತೆಗೆದುಕೊಳ್ಳುತ್ತಿದ್ದಾರೆ.

ಕೆಲವು ವರ್ಷಗಳಿಂದ ರಾತ್ರಿ ಮಲಗಿದ ಮೇಲೆ ಅಂಗಾಲು ಉರಿಯುತ್ತದೆ, ಹೊದಿಕೆ ತಾಗಿದರೂ ತಡೆಯಲಾಗದು ಎನ್ನುತ್ತಿದ್ದರು. ಹರಳೆಣ್ಣೆ ತಿಕ್ಕಿಸಿಕೊಂಡು ಹೇಗೋ ನಿದ್ದೆ ಮಾಡುತ್ತಿದ್ದರು. ಈ ಸಲದ ಯುಗಾದಿ ಕಳೆದ ಮೇಲೆ ಆ ಉರಿ ತಾನಾಗಿಯೇ ಇಳಿದಿದೆ. ಉರಿ ಹೋಯಿತೆಂದರೆ ಶುಗರ್ ಇಳಿಯಿತೆಂದೇ ಅರ್ಥ ಎಂದು ಅವರು ನೆಮ್ಮದಿಯಾಗಿದ್ದಾರೆ.

ಆದರೆ ಕಳೆದ ವಾರ ಅಮ್ಮ ಅವರ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಬೊಬ್ಬೆಯೊಂದು ಒಡೆದು ಹುಣ್ಣಾಗಿರುವುದನ್ನು ನೋಡಿದರು. ಆಲೆಮನೆಯ ಒಲೆಯ ಹತ್ತಿರ ಕೆಂಡ ತುಳಿದಿರಬೇಕು. ಯಾವಾಗ ಸುಟ್ಟಿತೆಂಬುದೇ ತಂದೆಯವರಿಗೆ ತಿಳಿಯದು. ಅರಿಶಿನ ಮೆತ್ತಿಕೊಂಡು ಬರಿಗಾಲಿನಲ್ಲೇ ಗದ್ದೆಗೆ ಹೋಗುತ್ತಿದ್ದಾರೆ. ಖಾಲಿ ಹೊಟ್ಟೆಯ ಸಕ್ಕರೆ 138 ಬಂದಿದೆ, ಎಚ್‌ಬಿಎ1ಸಿ ಮಾತ್ರ 9.4 ಇದೆ. ಒಂದು ಪರವಾಗಿಲ್ಲವೆನ್ನುವಂತಿದ್ದು ಇನ್ನೊಂದು ಹೆದರಿಸುವಂತಿರುವುದು ಏಕೆ? ಉರಿ ಇಳಿದಿರುವುದು ಒಳ್ಳೆಯ ಲಕ್ಷಣವೇ? ಅವರು ಕಾಫಿಗೆ ಸಕ್ಕರೆಯ ಬದಲು ಬೆಲ್ಲ ಹಾಕಿಕೊಳ್ಳುತ್ತಾರೆ, ಎರಡು ಹೊತ್ತು ಮುದ್ದೆ ಉಣ್ಣುತ್ತಾರೆ. ಇದು ಸರಿಯೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ನಿವೃತ್ತ ಶುಶ್ರೂಷಾಧಿಕಾರಿ, ಮಂಡ್ಯ:

ಉಳಿದ ಪ್ರಶ್ನೆಗಳು ಒಂದೆರಡು ದಿನ ಕಾಯಬಹುದು, ಹುಣ್ಣು ಕಾಯುವುದಿಲ್ಲ. ನಾಳೆ ಬೆಳಿಗ್ಗೆಯೇ ತಂದೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ನಿಮಗೆ ಹತ್ತಿರವಾದದ್ದು ಸಾಕು. ಕಾಲು ಊದಿ ಬಿಸಿಯಾಗಿದ್ದರೆ, ಕೆಂಪು ಹುಣ್ಣಿನ ಅಂಚನ್ನು ದಾಟಿ ಹರಡುತ್ತಿದ್ದರೆ, ಕೀವು ಅಥವಾ ದುರ್ವಾಸನೆ ಇದ್ದರೆ, ಬೆರಳು ಕಪ್ಪಾಗುತ್ತಿದ್ದರೆ, ಚಳಿಜ್ವರ ಬಂದರೆ, ಬೆಳಗಿನವರೆಗೂ ಕಾಯದೆ ರಾತ್ರಿಯೇ ಹೊರಡಬೇಕು. ನೋವಿಲ್ಲವೆಂಬ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ; ಅರಿವು ಸತ್ತ ಕಾಲಿನಲ್ಲಿ ಎಲುಬಿನವರೆಗೆ ಸೋಂಕು ಇಳಿದಿದ್ದರೂ ನೋವಿರುವುದಿಲ್ಲ. ಚಪ್ಪಲಿಯ ಅಟ್ಟೆಯನ್ನು ತೂರಿಕೊಂಡು ಬಂದ ಜಾಲಿಮುಳ್ಳು ಹಿಮ್ಮಡಿಯಲ್ಲಿ ಮುರಿದುಕೊಂಡಿದ್ದ ರೈತರೊಬ್ಬರು ನಮ್ಮ ವಾರ್ಡಿಗೆ ಆರಾಮವಾಗಿ ನಡೆದುಕೊಂಡೇ ಬಂದಿದ್ದರು. ಅವರು ತೋರಿಸಲು ಬಂದಿದ್ದದ್ದು ಜ್ವರವನ್ನು, ಕಾಲನ್ನಲ್ಲ.

ಅಲ್ಲಿಯವರೆಗೆ ಹುಣ್ಣಿನ ಮೇಲಿರುವ ಅರಿಶಿನ, ಎಣ್ಣೆಯನ್ನು ಕುದಿಸಿ ಆರಿಸಿದ ನೀರಿನಿಂದ ಅಥವಾ ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್‌ನಿಂದ ಮೃದುವಾಗಿ ತೊಳೆದು, ಶುದ್ಧವಾದ ಗಾಜ್ ಬಟ್ಟೆ ಮುಚ್ಚಿ. ಸುಣ್ಣ, ಹೊಗೆಸೊಪ್ಪು, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ಸುಟ್ಟ ಗಾಯವಾದ್ದರಿಂದ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಮರೆಯದೆ ಕೇಳಿ.

ಇವೆಲ್ಲಕ್ಕಿಂತ ಮುಖ್ಯವಾದುದು ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ಎಷ್ಟು ಬೆಲೆಯ ಮುಲಾಮು ಹಚ್ಚಿದರೂ, ಅದೇ ಜಾಗವನ್ನು ಊರಿಕೊಂಡು ದಿನವೆಲ್ಲ ಓಡಾಡಿದರೆ ಅಂಗಾಲಿನ ಹುಣ್ಣು ಮಾಯುವುದಿಲ್ಲ. ನೋವಿದ್ದವರು ತಾವಾಗಿಯೇ ಕುಂಟುತ್ತಾರೆ, ಆ ಕುಂಟುವಿಕೆಯೇ ಕಾಲನ್ನು ಕಾಪಾಡುತ್ತದೆ. ನಿಮ್ಮ ತಂದೆಯವರಿಗೆ ಆ ರಕ್ಷಣೆಯಿಲ್ಲ. ಆದ್ದರಿಂದ ಕಬ್ಬಿನ ಕೂಳೆ ಚುಚ್ಚುವ ಗದ್ದೆಗೂ, ಆಲೆಮನೆಗೂ ಸದ್ಯಕ್ಕೆ ಅವರನ್ನು ಬಿಡಲೇಬೇಡಿ. ಅವರು ಮಾತು ಕೇಳುವುದು ಕಷ್ಟವೆಂದು ನಾನು ಬಲ್ಲೆ, ನಮ್ಮ ಕಡೆಯ ಗಂಡಸರನ್ನು ಹಾಸಿಗೆಯ ಮೇಲೆ ಕೂರಿಸುವುದು ಬ್ಯಾಂಡೇಜು ಕಟ್ಟಿದಷ್ಟು ಸುಲಭವಲ್ಲ.

ಸಾಮಾನ್ಯ ವೈದ್ಯ, ಮೈಸೂರು:

ಮೇಲಿನವರು ಹೇಳಿದ್ದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಕಾಲನ್ನು ನೋಡದೆ ಚಿಕಿತ್ಸೆ ಸೂಚಿಸುವುದು ಸರಿಯಲ್ಲವಾದ್ದರಿಂದ, ನೀವು ಕೇಳಿರುವ ಕಾರಣಗಳನ್ನಷ್ಟೇ ವಿವರಿಸುತ್ತೇನೆ.

ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಗಟ್ಟಲೆ ಹೆಚ್ಚಾಗಿದ್ದರೆ ನರಗಳಿಗೂ, ಆ ನರಗಳಿಗೆ ರಕ್ತ ಒದಗಿಸುವ ಕೂದಲೆಳೆಯಂತಹ ನಾಳಗಳಿಗೂ ಹಾನಿಯಾಗುತ್ತದೆ. ದೇಹದ ಅತ್ಯಂತ ಉದ್ದನೆಯ ನರಗಳು ಮೊದಲು ಸೋಲುತ್ತವೆ. ಅದರಿಂದಲೇ ತೊಂದರೆ ಕಾಲ್ಬೆರಳುಗಳಲ್ಲಿ ಶುರುವಾಗಿ, ಕಾಲುಚೀಲ ತೊಟ್ಟ ಹಾಗೆ ಎರಡೂ ಕಾಲುಗಳಲ್ಲಿ ಮೇಲಕ್ಕೆ ಹತ್ತುತ್ತದೆ. ನರ ಘಾಸಿಗೊಂಡಿರುವಾಗ ಅದು ತಪ್ಪು ಸಂದೇಶಗಳನ್ನು ಕಳುಹಿಸುತ್ತಿರುತ್ತದೆ, ಅದೇ ಉರಿ, ಜೋಮು, ಸೂಜಿ ಚುಚ್ಚಿದಂತಹ ನೋವು. ಹಾನಿ ಇನ್ನೂ ಮುಂದುವರಿದು ನರದ ಎಳೆಗಳೇ ನಶಿಸಿದಾಗ ಸಂದೇಶವೇ ಇರುವುದಿಲ್ಲ. ಉರಿ ಇಳಿಯಲು ಸಕ್ಕರೆಯ ಹತೋಟಿಯೂ ಕಾರಣವಾಗಬಹುದು, ನರದ ಸಾವೂ ಕಾರಣವಾಗಬಹುದು. ಕೆಂಡ ತುಳಿದದ್ದು ತಿಳಿಯಲಿಲ್ಲವೆಂದ ಮೇಲೆ ನಿಮ್ಮ ತಂದೆಯವರದು ಎರಡನೆಯದೆಂದೇ ನನಗೆ ಅನ್ನಿಸುತ್ತದೆ. ವಿಚಿತ್ರವೆಂದರೆ, ಬಹುಕಾಲ ಏರಿದ್ದ ಸಕ್ಕರೆ ತೀರಾ ಬೇಗ ಇಳಿದಾಗ ಕೆಲವರಲ್ಲಿ ಉರಿ ಸ್ವಲ್ಪ ಕಾಲ ಹೆಚ್ಚುವುದೂ ಉಂಟು. ಉರಿಯನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಎರಡು ರೀತಿಯಲ್ಲೂ ದಾರಿ ತಪ್ಪುತ್ತೇವೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ತಂದೆಯವರು ಕಣ್ಣು ಮುಚ್ಚಿಕೊಂಡಿರಲಿ. ಎರಡೂ ಕಾಲುಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ಒತ್ತದೆ, ತಟ್ಟದೆ, ನಿಮ್ಮ ತೋರುಬೆರಳಿನಿಂದ ಒಂದೆರಡು ಕ್ಷಣ ಮುಟ್ಟಿ. ಮುಟ್ಟಿದ್ದು ತಿಳಿದಾಗ ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ತಿಳಿಯದಿದ್ದರೆ ಅರಿವು ಕುಂದಿದೆಯೆಂದು ಭಾವಿಸಬೇಕು. ಆಸ್ಪತ್ರೆಯಲ್ಲಿ ಇದನ್ನೇ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ನೋಡುತ್ತಾರೆ.

ಖಾಲಿ ಹೊಟ್ಟೆಯ 138 ಎಂಬುದು ಆ ಒಂದು ಮುಂಜಾನೆಯ ಅಂಕಿ. ಎಚ್‌ಬಿಎ1ಸಿ ಎಂಬುದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯ ಅಳತೆ. ಆ ಕಣಗಳು ಸುಮಾರು 120 ದಿನ ಬದುಕುವುದರಿಂದ ಅದು ಎರಡು ಮೂರು ತಿಂಗಳುಗಳ ಸರಾಸರಿಯನ್ನು ಹೇಳುತ್ತದೆ. 9.4 ಎಂದರೆ ಸರಾಸರಿ ಸಕ್ಕರೆ 220ರ ಆಸುಪಾಸಿನಲ್ಲಿದೆ. ಊಟದ ನಂತರದ ಏರಿಕೆ ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಊಟ ಬಿಟ್ಟು ಅಂಕಿಯನ್ನು ಚೆಂದ ಮಾಡಿಕೊಳ್ಳುವವರನ್ನೂ ನಾನು ಬೇಕಾದಷ್ಟು ಕಂಡಿದ್ದೇನೆ. ಗ್ಲಿಮೆಪಿರೈಡ್ ನುಂಗಿ ಊಟ ಬಿಡುವುದು ಅಪಾಯಕಾರಿ ಎಂಬುದನ್ನು ಅವರಿಗೆ ತಿಳಿಸಿ, ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಕಬ್ಬಿಣದ ಕೊರತೆಯ ರಕ್ತಹೀನತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಬಹುದು, ಹೀಗಾಗಿ ಹಿಮೋಗ್ಲೋಬಿನ್ನನ್ನೂ ನೋಡಿಸಿ.

ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು, ಆ ಕೊರತೆಯೂ ಇದೇ ರೀತಿ ನರಗಳನ್ನು ಕೆಡಿಸುತ್ತದೆ. ಇದು ಸರಿಪಡಿಸಬಹುದಾದ ಕಾರಣವಾದ್ದರಿಂದ ಆ ಪರೀಕ್ಷೆಯನ್ನು ಬಿಡಬಾರದು. ಆದರೆ ತಾವಾಗಿಯೇ ಮೆಟ್‌ಫಾರ್ಮಿನ್ ನಿಲ್ಲಿಸುವುದೂ ಬೇಡ. ಉರಿ ಮತ್ತೆ ಕಾಡಿದರೆ ಪ್ರೆಗಾಬಲಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮುಂತಾದ ಔಷಧಿಗಳಿವೆ. ಅವು ನೋವನ್ನು ತಗ್ಗಿಸುತ್ತವೆ, ಸತ್ತ ನರವನ್ನು ಬದುಕಿಸುವುದಿಲ್ಲ. ಪಾದದ ನಾಡಿ, ಕಣ್ಣಿನ ಅಕ್ಷಿಪಟಲ, ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್, ಇವುಗಳನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ಬೀಡಿ ಸೇದುವ ಅಭ್ಯಾಸವಿದ್ದರೆ ಕಾಲಿನ ರಕ್ತನಾಳಗಳಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ.

ಶ್ರೀರಂಗಪಟ್ಟಣದ ಓದುಗ:

ನಾನು ವೈದ್ಯನಲ್ಲ, ಇದೇ ಕಾಯಿಲೆಯ ಹಳೆಯ ರೋಗಿ. ಬೆಲ್ಲದ ಬಗ್ಗೆ ನಮ್ಮ ಜಿಲ್ಲೆಯವರಿಗೆ ಸ್ವಲ್ಪ ಪಕ್ಷಪಾತ ಇರುವುದು ಸಹಜ. ಆದರೆ ಬೆಲ್ಲವೂ ಅದೇ ಕಬ್ಬಿನ ಹಾಲಿನ ಸಕ್ಕರೆಯೇ. ಬಣ್ಣವೂ ಒಂದಿಷ್ಟು ಖನಿಜಾಂಶವೂ ಉಳಿದಿವೆಯೆಂದು ರಕ್ತದ ಸಕ್ಕರೆ ಅದಕ್ಕೆ ರಿಯಾಯಿತಿ ಕೊಡುವುದಿಲ್ಲ. ಪಾಕದ ಹದ ನೋಡುವ ನೆಪದಲ್ಲಿ ಬಾಯಿಗೆ ಹೋಗುವ ಬಿಸಿ ಬೆಲ್ಲವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಮುದ್ದೆಯನ್ನು ಬಿಡಬೇಕಾಗಿಲ್ಲ. ರಾಗಿಯಲ್ಲಿ ಪಾಲಿಶ್ ಅಕ್ಕಿಗಿಂತ ನಾರು ಹೆಚ್ಚು. ಆದರೂ ಹಿಟ್ಟಿನ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಪಾಲು ಪಿಷ್ಟವೇ ಆಗಿರುವುದರಿಂದ, ಶುಗರ್‌ಗೆ ಒಳ್ಳೆಯದೆಂದು ತೆಂಗಿನಕಾಯಿ ಗಾತ್ರದ ಮುದ್ದೆಯನ್ನು ಎರಡು ಹೊತ್ತು ಉಂಡು, ಮೇಲೆ ಅನ್ನವನ್ನೂ ಕಲಸಿಕೊಂಡರೆ ಎಚ್‌ಬಿಎ1ಸಿ ಏರದೆ ಇನ್ನೇನಾಗುತ್ತದೆ? ನಮ್ಮ ಮನೆಯಲ್ಲಿ ಮುದ್ದೆ ಚಿಕ್ಕದಾಗಿದೆ, ಬಸ್ಸಾರಿನ ಜೊತೆಗಿನ ಸೊಪ್ಪಿನ ಪಲ್ಯ ಮತ್ತು ಕಾಳು ದೊಡ್ಡದಾಗಿವೆ, ಅನ್ನ ನೆಪಕ್ಕಷ್ಟೇ.

ಚಪ್ಪಲಿಯ ಬಗ್ಗೆಯೂ ಒಂದು ಮಾತು. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ, ಹಿಂಬದಿಗೆ ಪಟ್ಟಿ ಇರುವ ಚಪ್ಪಲಿ ಸಿಗುತ್ತದೆ. ಪಟ್ಟಿ ಬೇಕೇ ಬೇಕು. ಅರಿವಿಲ್ಲದ ಕಾಲಿನಿಂದ ಚಪ್ಪಲಿ ಜಾರಿ ಬಿದ್ದರೂ ತಿಳಿಯುವುದಿಲ್ಲ. ಕಾಲಿನ ಅಳತೆ ಕೊಡಲು ಸಂಜೆ ಹೋಗುವುದು ಒಳ್ಳೆಯದು, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ.

ಪಾಂಡವಪುರದ ಮಗಳು:

ಎಲ್ಲರಿಗೂ ಧನ್ಯವಾದಗಳು. ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬೆರಳಿನ ಪರೀಕ್ಷೆಯಲ್ಲಿ ಬಲಗಾಲಿನ ಮೂರೂ ಬೆರಳುಗಳಲ್ಲಿ ಮುಟ್ಟಿದ್ದು ತಂದೆಯವರಿಗೆ ತಿಳಿಯಲಿಲ್ಲ. ಅವರು ಗಾಬರಿಯಾದದ್ದು ಆಗಲೇ. ಎಕ್ಸ್‌ರೇಯಲ್ಲಿ ಎಲುಬಿಗೆ ಏನೂ ಆಗಿಲ್ಲ, ಪಾದದ ನಾಡಿ ಚೆನ್ನಾಗಿದೆ ಎಂದಿದ್ದಾರೆ. ಬಿ12 ವರದಿ ಇನ್ನೂ ಬಂದಿಲ್ಲ. ಹುಣ್ಣು ಮಾಯುವವರೆಗಾದರೂ ಇನ್ಸುಲಿನ್ ಬೇಕೆಂದು ವೈದ್ಯರು ಹೇಳಿದ್ದಾರೆ, ತಂದೆಯವರು ಒಪ್ಪುತ್ತಿಲ್ಲ. ಇನ್ಸುಲಿನ್ ಶುರುವಾದರೆ ಅದು ಕೊನೆಯ ಹಂತವೆಂದು ಊರಿನಲ್ಲಿ ಯಾರೋ ಹೇಳಿದ್ದಾರಂತೆ.

ಸಾಮಾನ್ಯ ವೈದ್ಯ, ಮೈಸೂರು:

ಇನ್ಸುಲಿನ್ ಕೊನೆಯ ಹಂತದ ಗುರುತಲ್ಲ. ಗಾಯ, ಸೋಂಕು, ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಸಕ್ಕರೆಯನ್ನು ಬೇಗ ಹತೋಟಿಗೆ ತರಲು ಅದನ್ನು ಕೊಡುತ್ತೇವೆ, ಅನೇಕರಲ್ಲಿ ಹುಣ್ಣು ಮಾಯ್ದ ನಂತರ ಮತ್ತೆ ಮಾತ್ರೆಗಳಿಗೇ ಮರಳುತ್ತೇವೆ. ಊರಿನವರು ಕಂಡಿರುವುದು ಇನ್ಸುಲಿನ್ ಪಡೆದ ಮೇಲೆ ಕಾಲು ಕಳೆದುಕೊಂಡವರನ್ನು. ಅವರು ತಡವಾಗಿ ಒಪ್ಪಿದವರೆಂಬುದು ಹೊರಗೆ ನಿಂತವರಿಗೆ ಕಾಣುವುದಿಲ್ಲ. ತಂದೆಯವರಿಗೆ ಈ ಮಾತನ್ನು ಮಗಳಿಗಿಂತ, ಇನ್ಸುಲಿನ್ ಪಡೆದು ನಂತರ ಬಿಟ್ಟಿರುವ ಅವರ ವಯಸ್ಸಿನವರೊಬ್ಬರು ಹೇಳಿದರೆ ಹೆಚ್ಚು ತಾಗುತ್ತದೆ.

ಶುರು ಮಾಡಿದ ಮೇಲೆ ಗ್ಲಿಮೆಪಿರೈಡ್ ಮುಂದುವರಿಸಬೇಕೇ ಎಂಬುದನ್ನು ವೈದ್ಯರಲ್ಲಿ ಸ್ಪಷ್ಟವಾಗಿ ಕೇಳಿಕೊಳ್ಳಿ. ಬೆವರು, ನಡುಕ, ತಡೆಯಲಾಗದ ಹಸಿವು, ತಲೆ ಮಂಕಾಗುವುದು ಕಂಡರೆ ಸಕ್ಕರೆ ನೋಡಿ. ಅದು 70ಕ್ಕಿಂತ ಕಡಿಮೆಯಿದ್ದರೆ, ಅಥವಾ ನೋಡುವ ಯಂತ್ರ ಕೈಯಲ್ಲಿಲ್ಲದಿದ್ದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ನಂತರ ಮತ್ತೆ ನೋಡಿ. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿರಲಿ, ಆದರೆ ಫ್ರೀಜರಿನಲ್ಲಿ ಬೇಡ. ಬಳಸುತ್ತಿರುವುದನ್ನು ಸಾಮಾನ್ಯವಾಗಿ ನಾಲ್ಕು ವಾರಗಳವರೆಗೆ, 30 ಡಿಗ್ರಿ ಮೀರದ ತಂಪಾದ ಜಾಗದಲ್ಲಿ ಹೊರಗಿಡಬಹುದು. ಬಿ12 ವರದಿ ಬಂದಾಗ ಅಂಕಿಯ ಜೊತೆಗೆ ಹಿಮೋಗ್ಲೋಬಿನ್ ಅಂಕಿಯನ್ನೂ ಇಲ್ಲಿ ಬರೆಯಿರಿ.