ಶಾಸನದಲ್ಲಿ ಇಲ್ಲದ್ದನ್ನು ಕಾದಂಬರಿಕಾರ ಎಷ್ಟರ ಮಟ್ಟಿಗೆ ಸೇರಿಸಬಹುದು?

ಹಾಸನದ ಓದುಗಿ:

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿನಿಂದ ನಾನು ಎರಡು ಬಗೆಯ ಪುಸ್ತಕಗಳನ್ನು ಜೊತೆಜೊತೆಯಾಗಿ ಓದುತ್ತಿದ್ದೇನೆ. ಹಗಲಿನಲ್ಲಿ ಬಿಡುವಾದಾಗ ಹೊಯ್ಸಳರ ಕಾಲದ ಐತಿಹಾಸಿಕ ಕಾದಂಬರಿಗಳು, ರಾತ್ರಿ ಮಲಗುವ ಮುನ್ನ ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್'. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಮುಗಿದಿದೆ, ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ' ಅರ್ಧಕ್ಕೆ ಬಂದಿದೆ. ಇವೆರಡರ ಜೊತೆಗೆ, ಅರಸೀಕೆರೆ ಕಡೆಯ ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕಿದ ಇನ್ನೊಂದು ಹಳೆಯ ಕಾದಂಬರಿಯೂ ಇದೆ. ಅದರ ರಟ್ಟು ಮತ್ತು ಮೊದಲ ಕೆಲವು ಹಾಳೆಗಳು ಉದುರಿಹೋಗಿರುವುದರಿಂದ ಅದರ ಹೆಸರಾಗಲಿ ಬರೆದವರ ಹೆಸರಾಗಲಿ ನನಗೆ ತಿಳಿಯದು.

ನನ್ನ ಪ್ರಶ್ನೆ ಹುಟ್ಟಿದ್ದು ಈ ಹೆಸರಿಲ್ಲದ ಪುಸ್ತಕದಿಂದ. ಅದರಲ್ಲಿ ಬೇಲೂರಿನ ದೇವಸ್ಥಾನದ ಕೆಲಸವನ್ನೆಲ್ಲ ಜಕಣಾಚಾರಿಯೇ ನಿಂತು ಮಾಡಿಸುತ್ತಾನೆ. ಆ ಪ್ರಕರಣ ಆರಂಭವಾಗುವ ಪುಟದ ಅಂಚಿನಲ್ಲಿ, ಶಾಲೆಯ ಮೇಷ್ಟ್ರಾಗಿದ್ದ ನಮ್ಮ ಅಜ್ಜ, ಪೆನ್ಸಿಲಿನಲ್ಲಿ ಸಣ್ಣ ಅಕ್ಷರಗಳಲ್ಲಿ 'ಶಾಸನದಲ್ಲಿ ಇಲ್ಲ' ಎಂದು ಬರೆದಿದ್ದಾರೆ. ಮುಂದೆ ಹತ್ತು ಹನ್ನೆರಡು ಕಡೆ ಅದೇ ಮಾತು ಇದೆ. ಮೊದಲು ಅದನ್ನು ದಾಟಿಕೊಂಡು ಹೋದೆ. ಆಮೇಲೆ ಪುಟ ತಿರುಗಿಸಿದಾಗಲೆಲ್ಲ ಕಣ್ಣು ಕಥೆಗಿಂತ ಮೊದಲು ಅಂಚಿಗೇ ಹೋಗತೊಡಗಿತು.

ಟೋಲ್ಕಿನ್ ಅವರನ್ನು ಓದುವಾಗ ಈ ಕಾಟವಿಲ್ಲ. ಅವರು ಕಟ್ಟಿದ ಲೋಕ ಎಲ್ಲಿಯೂ ಇಲ್ಲವೆಂದು ಗೊತ್ತಿದ್ದೇ ಓದುತ್ತೇವೆ, ಆದರೂ ಅದರ ನಿಯಮಗಳು ಎಲ್ಲಿಯೂ ಸಡಿಲವಾಗುವುದಿಲ್ಲ. ಕಥೆಯೊಳಗಿನ ದಿನಗಳಿಗೂ ಆಕಾಶದ ಚಂದ್ರನ ಏರಿಳಿತಗಳಿಗೂ ತಾಳೆಯಾಗಬೇಕೆಂದು ಅವರು ಬರೆದದ್ದನ್ನು ಮತ್ತೆ ತಿದ್ದಿದರಂತೆ. ಕಲ್ಪನೆಯ ಲೋಕಕ್ಕೇ ಇಷ್ಟು ನಿಷ್ಠೆ ಬೇಕಾದರೆ, ನಿಜವಾಗಿ ಬದುಕಿ ಹೋದವರನ್ನು ಕುರಿತು ಬರೆಯುವವರಿಗೆ ಎಷ್ಟು ನಿಷ್ಠೆ ಇರಬೇಕು? ಕಾದಂಬರಿಕಾರ ಎಲ್ಲಿಯವರೆಗೆ ಕಲ್ಪಿಸಿಕೊಳ್ಳಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಓದುಗರಾದ ನಾವು ಹೇಗೆ ತೀರ್ಮಾನಿಸಬೇಕು? ತಿಳಿದವರು ದಯವಿಟ್ಟು ಹೇಳಿ. ಕನ್ನಡದಲ್ಲಿ ಅದ್ಭುತ ಕಲ್ಪನೆಯ ಕಥೆಗಳನ್ನು ಓದಬೇಕೆಂದರೆ ಎಲ್ಲಿಂದ ತೊಡಗಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಬೇಲೂರಿನ ನಿವೃತ್ತ ಶಿಕ್ಷಕ:

ನಿಮ್ಮ ಅಜ್ಜನವರು ಬರೆದದ್ದು ಸರಿಯಾಗಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದಲ್ಲಿ ಜಕಣಾಚಾರಿಯ ಹೆಸರು ಎಲ್ಲಿಯೂ ಇಲ್ಲ. ಕಪ್ಪೆ ಚೆನ್ನಿಗರಾಯನ ಹೊಕ್ಕುಳಲ್ಲಿ ಕಪ್ಪೆ ಸಿಕ್ಕಿದ್ದು, ಮಗ ತಂದೆಯ ತಪ್ಪನ್ನು ತೋರಿಸಿದ್ದು, ತಂದೆ ತನ್ನ ಕೈಯನ್ನೇ ಕತ್ತರಿಸಿಕೊಂಡದ್ದು, ಇವೆಲ್ಲ ಬಾಯಿಂದ ಬಾಯಿಗೆ ಬಂದ ಕಥೆಗಳು. ನಾನೂ ಚಿಕ್ಕವನಾಗಿದ್ದಾಗ ಇವನ್ನು ಕೇಳಿಯೇ ಬೆಳೆದೆ, ಇವುಗಳ ಮೇಲೆ ನನಗೆ ಪ್ರೀತಿಯಿದೆ. ಆದರೆ ಅದೇ ಗುಡಿಯ ಹೊರಗೋಡೆಯ ಸುತ್ತ ಕತ್ತೆತ್ತಿಕೊಂಡು ನಡೆದು, ಮದನಿಕೆಯರ ಪಾದದ ಕೆಳಗಿನ ಪಟ್ಟಿಯನ್ನು ನೋಡಿ. ಹಲವು ವಿಗ್ರಹಗಳ ಕೆಳಗೆ ಅವನ್ನು ಕೆತ್ತಿದವರ ಹೆಸರೂ ಬಿರುದೂ ಇವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ ಊರಿನ ಹೆಸರಿನೊಂದಿಗೆ, ತಂದೆಯ ಹೆಸರಿನೊಂದಿಗೆ ಬರೆದುಕೊಂಡವರು ಅವರು. ಒಂಬೈನೂರು ವರ್ಷದ ಹಿಂದೆ ಉಳಿ ಹಿಡಿದು ತನ್ನ ಹೆಸರನ್ನು ತಾನೇ ಕೊರೆದಿಟ್ಟ ಮನುಷ್ಯನನ್ನು ಪಕ್ಕಕ್ಕೆ ಸರಿಸಿ, ಅವನ ಕೆಲಸವನ್ನೆಲ್ಲ ಐತಿಹ್ಯದ ಒಬ್ಬನ ಖಾತೆಗೆ ಬರೆದರೆ ಅದು ನನಗೆ ಅನ್ಯಾಯವೆಂದೇ ಕಾಣುತ್ತದೆ. ಶಾಸನ ಸುಮ್ಮನಿರುವ ಕಡೆ ಕಾದಂಬರಿಕಾರ ಮಾತಾಡಲಿ, ಅದು ಅವನ ಹಕ್ಕು. ಶಾಸನ ಮಾತಾಡಿರುವ ಕಡೆ ಅದರ ಬಾಯಿ ಮುಚ್ಚಿಸಬಾರದು.

ವಿಷ್ಣುವರ್ಧನನ ರಾಣಿ ಶಾಂತಲೆಯ ವಿಷಯದಲ್ಲಿಯೂ ಇದನ್ನು ಗಮನಿಸಬಹುದು. ಶಿವಗಂಗೆಯ ಬೆಟ್ಟಕ್ಕೆ ಹೋದರೆ, ಆಕೆ ಇಲ್ಲಿಂದಲೇ ಧುಮುಕಿದಳೆಂದು ಒಂದು ಕೋಡನ್ನು ತೋರಿಸುತ್ತಾರೆ. ಶ್ರವಣಬೆಳಗೊಳದ ಶಾಸನ, ಶಕವರ್ಷ 1053ರಲ್ಲಿ ಎಂದರೆ 1131ರಲ್ಲಿ ಆಕೆ ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳು, ಅಂದರೆ ತೀರಿಕೊಂಡಳು, ಎಂದಷ್ಟೇ ಹೇಳಿ ನಿಲ್ಲುತ್ತದೆ. ಧುಮುಕಿದ ಮಾತು ಅದರಲ್ಲಿಲ್ಲ. ಆದರೆ ಅದೇ ಶಾಸನ ಮುಂದೆ ಹೇಳುವುದು ಯಾವ ಕಾದಂಬರಿಗೂ ಕಡಿಮೆಯದಲ್ಲ. ರಾಣಿಯೇ ಹೋದ ಮೇಲೆ ತಾನು ಇರಲಾಗದು ಎಂದುಕೊಂಡು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು, ಕಣ್ಣನ್ನು ಅರೆಮುಚ್ಚಿ ಪಂಚನಮಸ್ಕಾರ ಹೇಳುತ್ತ ಪ್ರಾಣ ಬಿಟ್ಟಳು. ಗಂಡ ಮಾರಸಿಂಗಯ್ಯ ಶೈವ, ಹೆಂಡತಿ ಜೈನಳು, ಮಗಳು ಪಟ್ಟದರಸಿ. ನಾನು ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದರೂ, ಆ ತಾಯಿ ಬೆಳಗೊಳದ ದಾರಿ ಹಿಡಿದು ಬರುವ ಭಾಗಕ್ಕೆ ಬಂದಾಗ ಧ್ವನಿ ತಗ್ಗುತ್ತಿತ್ತು.

ಇನ್ನೊಂದು ಮಾತು. ಶಾಂತಲೆ 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಕಟ್ಟಿಸಿದ ಬಸದಿಗೆ ತನ್ನ ಬಿರುದನ್ನೇ ಹೆಸರಾಗಿಟ್ಟಳು: ಸವತಿಗಂಧವಾರಣ, ಅಂದರೆ ಸವತಿಯರ ಪಾಲಿಗೆ ಮದಿಸಿದ ಆನೆ. ನಮ್ಮ ಜನರ ಬಾಯಲ್ಲಿ ನೆಲೆಯಾಗಿರುವ ತ್ಯಾಗಮಯಿ ಶಾಂತಲೆಯ ಪಕ್ಕದಲ್ಲಿ ಈ ಬಿರುದನ್ನು ಇಟ್ಟುಕೊಂಡು ಓದಿ. ಇದನ್ನು ನುಂಗಿಕೊಂಡು ಬರೆಯಬಲ್ಲವನು ದೊಡ್ಡ ಕಾದಂಬರಿಕಾರ.

ಮೂಡಿಗೆರೆಯಿಂದ ಒಬ್ಬ ಬೆಳೆಗಾರ:

ಮೇಷ್ಟ್ರ ಮಾತಿಗೆ ಒಂದನ್ನು ಸೇರಿಸಲು ಬಯಸುತ್ತೇನೆ. ಶಾಸನದಲ್ಲಿ ಇದೆ ಎಂದಾಕ್ಷಣ ಅದು ನಡೆದದ್ದು ಎಂದು ತಿಳಿಯುವುದೂ ಕಷ್ಟವೇ. ನಮ್ಮ ತಾಲ್ಲೂಕಿನ ಅಂಗಡಿ ಗ್ರಾಮವೇ ಹಿಂದಿನ ಸೊಸೆವೂರು, ಶಶಕಪುರ. ಅಲ್ಲಿಯ ವಾಸಂತಿಕಾ ದೇವಿಯ ಗುಡಿಯ ಹತ್ತಿರ ಹುಲಿ ಮೇಲೆ ಬಿದ್ದಾಗ ಜೈನಮುನಿ 'ಪೊಯ್ ಸಳ' ಎಂದರು, ಸಳ ಹೊಡೆದ, ವಂಶಕ್ಕೆ ಪೊಯ್ಸಳ ಎಂಬ ಹೆಸರು ಬಂತು ಎಂಬ ಕಥೆಯನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಈ ಕಥೆ ಬೇಲೂರಿನ 1117ರ ಶಾಸನದಲ್ಲಿಯೇ ಇದೆ. ಪೊಯ್ಸಳ ಎಂಬ ಹೆಸರಾದರೋ ಹನ್ನೊಂದನೆಯ ಶತಮಾನದ ಶಾಸನಗಳಲ್ಲಿಯೇ ಸಿಗುತ್ತದೆ. ಮಲೆನಾಡಿನಲ್ಲಿ 'ಮಲೆಪರೊಳ್ ಗಂಡ', ಅಂದರೆ ಮಲೆಯ ನಾಯಕರಲ್ಲಿ ಶೂರ, ಎನಿಸಿಕೊಂಡು ಬೆಳೆದ ಮನೆತನ, ದೊಡ್ಡ ರಾಜ್ಯವಾಗಿ ದೊಡ್ಡ ಗುಡಿ ಕಟ್ಟಿಸಿದ ಹೊತ್ತಿಗೆ ತನಗೊಂದು ಮೂಲಕಥೆ ಬೇಕೆಂದು ಅದನ್ನು ಕಲ್ಲಿನಲ್ಲಿ ಬರೆಯಿಸಿತು ಎಂದು ನನಗೆ ಅನ್ನಿಸುತ್ತದೆ. ಶಾಸನ ಅದನ್ನು ಹುಲಿ ಎನ್ನುತ್ತದೆ. ಬೇಲೂರಿನ ಬಾಗಿಲಲ್ಲಿ ನಿಂತು ನೋಡಿದರೆ ಕೇಸರವಿರುವ ಸಿಂಹದಂಥ ಮೃಗ ಕಾಣುತ್ತದೆ. ಹಾಗಾದರೆ ನಿಮ್ಮ ಅಜ್ಜನವರು ಸಳನ ಕಥೆಯ ಪಕ್ಕದಲ್ಲಿ ಏನು ಬರೆದಿದ್ದಾರೆ? ನೋಡಿ ತಿಳಿಸಿ.

ಚಿಕ್ಕಮಗಳೂರಿನ ಕನ್ನಡ ಉಪನ್ಯಾಸಕಿ:

ನೀವು ಕೇಳಿದ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ನೀವು ಓದುತ್ತಿರುವ ಹೊಯ್ಸಳರ ಕಾಲದಲ್ಲಿಯೇ ಇದೆ. ಅದ್ಭುತ ಕಥೆಗಳೆಂದರೆ ಹೊರಗಿನಿಂದ ಬಂದವು ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಬಲವಾಗಿದೆ. ಅವರಿಗೆ ನಾನು ಮೊದಲು ಕೊಡುವುದು ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'. ಮಾರಿಯ ಗುಡಿಗೆ ಬಲಿಗಾಗಿ ಹಿಡಿದು ತಂದ ಇಬ್ಬರು ಮಕ್ಕಳು, ಕತ್ತಿ ಹಿಡಿದ ರಾಜನ ಎದುರಿಗೇ ನಿಂತು ತಮ್ಮ ಹಿಂದಿನ ಜನ್ಮಗಳ ಕಥೆಯನ್ನು ಹೇಳತೊಡಗುತ್ತಾರೆ. ಆ ಕಥೆಯಲ್ಲಿ, ರಾತ್ರಿ ಕೇಳಿಬಂದ ಹಾಡಿಗೆ ಮನಸೋತು ರಾಣಿ ಅಮೃತಮತಿ ಕುರೂಪಿಯಾದ ಮಾವುತನ ಹಿಂದೆ ಹೋಗುತ್ತಾಳೆ. ಅವಳ ಗಂಡನಾದ ರಾಜ ಅದನ್ನು ಕಂಡೂ ಹೇಳಲಾರದೆ, ಕೆಟ್ಟ ಕನಸು ಬಿತ್ತೆಂದು ತಾಯಿಗೆ ಹೇಳುತ್ತಾನೆ. ಜೀವಬಲಿ ಬೇಡವೆಂದು ತಾಯಿ ಮಗ ಇಬ್ಬರೂ ಒಪ್ಪಿ ಹಿಟ್ಟಿನ ಕೋಳಿಯನ್ನು ಮಾಡಿಸುತ್ತಾರೆ. ಕತ್ತಿ ಬಿದ್ದ ಕ್ಷಣದಲ್ಲಿ, ಒಳಗೆ ಸೇರಿದ್ದ ಬೆಂತರದಿಂದಾಗಿ (ಒಂದು ಬಗೆಯ ಭೂತ), ಆ ಹಿಟ್ಟಿನ ಕೋಳಿ ಕೂಗುತ್ತದೆ. ಆಮೇಲೆ ಇಬ್ಬರೂ ರಾಣಿಯ ವಿಷಕ್ಕೆ ಬಲಿಯಾಗಿ ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟುತ್ತಾರೆ.

ಆ ಕೂಗಿಗೆ ಬಂದಾಗ ತರಗತಿ ಪೂರ್ತಿ ನಿಶ್ಶಬ್ದವಾಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಹಳಗನ್ನಡ ಕಷ್ಟವೆಂದು ಹೆದರಬೇಡಿ. ಕಂದಪದ್ಯಗಳು ಚಿಕ್ಕವು, ಗದ್ಯಾನುವಾದದೊಂದಿಗೆ ದಿನಕ್ಕೆ ಹತ್ತು ಓದಿದರೂ ಸಾಕು. ಇದಾದ ಮೇಲೆ ನೇಮಿಚಂದ್ರನ 'ಲೀಲಾವತಿ'ಗೆ ಹೋಗಬಹುದು. ಕನಸಿನಲ್ಲಿ ಕಂಡ ಹುಡುಗಿಯನ್ನು ಹುಡುಕಿಕೊಂಡು ರಾಜಕುಮಾರ ಊರು ಬಿಟ್ಟು ಹೊರಡುವ ಕಥೆ ಅದು.

ನೀವು ಟೋಲ್ಕಿನ್ ಅವರಲ್ಲಿ ಮೆಚ್ಚಿದ ನಿಯಮನಿಷ್ಠೆ ಜನ್ನನಲ್ಲಿಯೂ ಇದೆ. ಅವನ ಲೋಕದ ನಿಯಮ ಒಂದೇ, ಸಂಕಲ್ಪವೂ ಕೊಲೆಯೇ ಎಂಬುದು. ಹಿಟ್ಟಿನ ಕೋಳಿಗೆ ಪ್ರಾಣವಿಲ್ಲದಿದ್ದರೂ ಕೊಲ್ಲುವ ಮನಸ್ಸಿಗೆ ಪ್ರಾಣವಿತ್ತು. ಆ ನಿಯಮವನ್ನು ಅವನು ರಾಜನೆಂದಾಗಲಿ ತಾಯಿಯೆಂದಾಗಲಿ ಯಾರಿಗೂ ಸಡಿಲಿಸುವುದಿಲ್ಲ.

ಸಕಲೇಶಪುರದ ಓದುಗ:

ಹಿರಿಯರಾದ ಮೇಷ್ಟ್ರ ಮೇಲೆ ಗೌರವವಿಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಶಾಸನ ಮಾತಾಡಿದ ಕಡೆಯಲ್ಲಿಯೂ ಕಾದಂಬರಿಕಾರ ಮಾತಾಡಬೇಕಾಗುತ್ತದೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇವಾಲಯದ ದಕ್ಷಿಣಕ್ಕೆ ಗರುಡಗಂಬವಿದೆ. 1220ರಲ್ಲಿ ವೀರಬಲ್ಲಾಳ ತೀರಿಕೊಂಡಾಗ, ಕೊಟ್ಟ ಭಾಷೆಗಾಗಿ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಅವರ ಗರುಡರು, ಅಂದರೆ ಒಡೆಯನ ಜೊತೆಗೇ ಸಾಯುವೆವೆಂದು ಭಾಷೆ ಕೊಟ್ಟ ವೀರರು, ಪ್ರಾಣ ಕೊಟ್ಟರೆಂದು ಅದರ ಶಾಸನ ಹೊಗಳುತ್ತದೆ. ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಒಪ್ಪಿಸುತ್ತಿರುವ ವೀರರ ಚಿತ್ರಗಳು ಕಂಬದ ಸುತ್ತ ಇವೆ. ಎಲ್ಲವೂ ಕಲ್ಲಿನಲ್ಲಿಯೇ ಇದೆ, ಆದರೂ ಎಲ್ಲವೂ ಇಲ್ಲ. ಸುಗ್ಗಲದೇವಿ ಹಿಂದಿನ ರಾತ್ರಿ ಏನು ಮಾತಾಡಿದಳು? ಆ ಗರುಡರಲ್ಲಿ ಒಬ್ಬನಿಗಾದರೂ ಮನೆಯಲ್ಲಿ ತೊಟ್ಟಿಲ ಮಗುವಿರಲಿಲ್ಲವೇ? ಅವನಿಗೆ ಕೈ ನಡುಗಲಿಲ್ಲವೇ? ಶಾಸನ ಬರೆಯಿಸಿದವರಿಗೆ ಆ ನಡುಕ ಬೇಕಿರಲಿಲ್ಲ, ನಮಗೆ ಬೇಕು. ಅದನ್ನು ಬರೆದ ಕಾದಂಬರಿಯ ಅಂಚಿನಲ್ಲಿ ಯಾರಾದರೂ 'ಶಾಸನದಲ್ಲಿ ಇಲ್ಲ' ಎಂದು ಬರೆದರೆ, ಇಲ್ಲದ್ದಕ್ಕಾಗಿಯೇ ಈ ಕಾದಂಬರಿ ಎಂದು ನಾನು ಉತ್ತರ ಕೊಡುತ್ತೇನೆ. ಕಲ್ಲು ಕಡಿದವರಿಗೆ ಅಂಬಲಿ ಕಾಸಿಕೊಟ್ಟ ಹೆಂಗಸರ ಹೆಸರನ್ನೂ ಯಾರೂ ಕೊರೆದಿಡಲಿಲ್ಲ.

ಬೇಲೂರಿನ ನಿವೃತ್ತ ಶಿಕ್ಷಕ:

ಸಕಲೇಶಪುರದ ಮಿತ್ರರ ಮಾತನ್ನು ಒಪ್ಪುತ್ತೇನೆ, ನಾನು ಮೌನ ಎಂದದ್ದಕ್ಕೆ ಅವರು ಇನ್ನೂ ವಿಸ್ತಾರವಾದ ಅರ್ಥ ಕೊಟ್ಟಿದ್ದಾರೆ. ಕೈ ನಡುಗಿತೆಂದು ಬರೆಯುವುದು ಬೇರೆ, ಲಕ್ಷ್ಮ ಪ್ರಾಣವನ್ನೇ ಕೊಡಲಿಲ್ಲ, ಓಡಿಹೋದ ಎಂದು ಬರೆಯುವುದು ಬೇರೆ. ಮೊದಲನೆಯದನ್ನು ನಾನು ಕಣ್ಣಿಗೊತ್ತಿಕೊಂಡು ಓದುತ್ತೇನೆ.

ಹಾಸನದ ಓದುಗಿ:

ಇಷ್ಟು ಅಕ್ಕರೆಯಿಂದ ಉತ್ತರಿಸಿದ ಎಲ್ಲರಿಗೂ ನನ್ನ ಕೃತಜ್ಞತೆಗಳು. ಹಿಂದಿನ ಭಾನುವಾರ ಬೇಲೂರಿಗೆ ಹೋಗಿ, ಮೇಷ್ಟ್ರು ಹೇಳಿದಂತೆ ಗುಡಿಯ ಸುತ್ತ ಮೂರು ಸುತ್ತು ಬಂದೆ. ಎಷ್ಟೋ ಸಲ ಹೋಗಿದ್ದರೂ ಮದನಿಕೆಯರ ಮುಖವನ್ನೇ ನೋಡಿಕೊಂಡು ಬಂದಿದ್ದೆನೇ ಹೊರತು ಪಾದದ ಕೆಳಗೆ ಅಕ್ಷರಗಳಿವೆಯೆಂದು ಗಮನಿಸಿರಲಿಲ್ಲ. ಬಿಸಿಲು ಓರೆಯಾದಾಗ ಅವು ಎದ್ದು ಕಾಣುತ್ತವೆ. ನನಗೆ ಹಳೆಯ ಲಿಪಿ ಓದಲು ಬರುವುದಿಲ್ಲ, ಆದರೂ ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆ.

ಮೂಡಿಗೆರೆಯವರು ಕೇಳಿದ್ದನ್ನು ನೋಡಿದೆ. ಸಳನ ಕಥೆ ಬರುವ ಪುಟದ ಅಂಚಿನಲ್ಲಿ ಅಜ್ಜ 'ಶಾಸನದಲ್ಲಿ ಇದೆ' ಎಂದು ಬರೆದು, ಅದರ ಮುಂದೆ ಒಂದು ಪ್ರಶ್ನೆಯ ಚಿಹ್ನೆ ಹಾಕಿದ್ದಾರೆ. ಆ ಹೆಸರಿಲ್ಲದ ಕಾದಂಬರಿಯನ್ನು ನಿನ್ನೆ ರಾತ್ರಿ ಮುಗಿಸಿದೆ. ಕೊನೆಯಲ್ಲಿ ಶಾಂತಲೆ ಶಿವಗಂಗೆಯ ಬೆಟ್ಟ ಹತ್ತುವ ಪ್ರಕರಣವಿದೆ, ಅದರ ಪಕ್ಕದಲ್ಲಿ 'ಇದೂ ಇಲ್ಲ' ಎಂದಿದೆ. ಅದರ ಕೆಳಗೆ, ಬೇರೆ ದಿನ ಬೇರೆ ಪೆನ್ಸಿಲಿನಿಂದ ಬರೆದಂತೆ ಕಾಣುವ ಇನ್ನೊಂದು ಸಾಲು: 'ಎರಡನೆಯ ಸಲ ಓದಿದೆ. ಕಣ್ಣು ತುಂಬಿ ಬಂತು.' ಹಾಗಾದರೆ ಅವರು ಈ ಪುಸ್ತಕವನ್ನು ತಳ್ಳಿಹಾಕಿರಲಿಲ್ಲ.

ಈಗ ಜನ್ನನನ್ನು ಗದ್ಯಾನುವಾದದೊಂದಿಗೆ ತೆಗೆದುಕೊಂಡಿದ್ದೇನೆ. ಒಂದು ಕೊನೆಯ ಕೋರಿಕೆ: ಮಾಚಿಕಬ್ಬೆಯ ಶಾಸನದ ಪೂರ್ಣ ಪಾಠ ಎಲ್ಲಿ ಓದಲು ಸಿಗುತ್ತದೆ?

ಬೇಲೂರಿನ ನಿವೃತ್ತ ಶಿಕ್ಷಕ:

'ಎಪಿಗ್ರಾಫಿಯಾ ಕರ್ನಾಟಿಕಾ'ದ ಎರಡನೆಯ ಸಂಪುಟ ಶ್ರವಣಬೆಳಗೊಳಕ್ಕೇ ಮೀಸಲಾದದ್ದು. ಬಿ.ಎಲ್. ರೈಸ್ ಅವರು 1889ರಲ್ಲಿ ಮೊದಲು ಪ್ರಕಟಿಸಿದರು, ಆಮೇಲೆ ಪರಿಷ್ಕೃತ ಮುದ್ರಣಗಳೂ ಬಂದಿವೆ. ಅದರಲ್ಲಿ ಶಾಸನದ ಪಾಠ ಕನ್ನಡ ಲಿಪಿಯಲ್ಲಿಯೇ ಇದೆ. ಓದುವಾಗ ಪದಗಳು ತೊಡಕಾದರೆ ಇಲ್ಲಿ ಬರೆಯಿರಿ, ಉಪನ್ಯಾಸಕಿಯವರೂ ನಾನೂ ಸೇರಿ ಸಾಲು ಸಾಲಾಗಿ ಬಿಡಿಸಿ ಹೇಳುತ್ತೇವೆ.