ಸೈಮನ್ ನೆನಪು ಕಳೆದುಕೊಂಡದ್ದು ನ್ಯಾಯವಾ?

ಸಂಪಿಗೆ ರೋಡ್:
ಕಸಾಂಡ್ರಾ ಕ್ಲೇರ್ ಅವರ ‘ದಿ ಮಾರ್ಟಲ್ ಇನ್‌ಸ್ಟ್ರುಮೆಂಟ್ಸ್’ ಸರಣಿಯ ಆರೂ ಪುಸ್ತಕಗಳನ್ನು ಮತ್ತೆ ಓದಿ ಮುಗಿಸಿದೆ. ಕೊನೆಯ ಪುಸ್ತಕದ ಕೊನೆಯವರೆಗೂ ಮಾತಾಡುತ್ತೇನೆ. ಓದದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ.

ಎಲ್ಲರ ಬಾಯಲ್ಲೂ ನಾಯಕ ಜೇಸ್, ಜೇಸ್. ನನಗೆ ಮಾತ್ರ ಈ ಸರಣಿ ಅಂದರೆ ಸೈಮನ್. ನಾಯಕಿ ಕ್ಲೇರಿಯ ಗೆಳೆಯ, ಬ್ರೂಕ್ಲಿನ್‌ನ ಸಾದಾ ಹುಡುಗ. ಕನ್ನಡಕ, ಕಾಮಿಕ್ಸ್, ಪದೇ ಪದೇ ಹೆಸರು ಬದಲಾಯಿಸುವ ಒಂದು ಬ್ಯಾಂಡು. ರಾಕ್ಷಸರನ್ನು ಬೇಟೆಯಾಡುವ ಶ್ಯಾಡೋಹಂಟರ್‌ಗಳ ಹಾಗೆ ಮೈಮೇಲೆ ರೂನ್ (ಶಕ್ತಿ ಕೊಡುವ ಮಾಂತ್ರಿಕ ಗುರುತು) ಇಲ್ಲ, ದೇವದೂತನ ರಕ್ತ ಇಲ್ಲ. ಆದರೂ ಮೊದಲ ಪುಸ್ತಕದಲ್ಲಿ ಅಬಡಾನ್ ಎಂಬ ದೊಡ್ಡ ರಾಕ್ಷಸ ಎದುರಾದಾಗ ಎಲ್ಲರನ್ನೂ ಉಳಿಸಿದ್ದು ಅವನೇ. ಬಿಲ್ಲು ಎತ್ತಿಕೊಂಡ, ಚಾವಣಿಯ ಗಾಜಿಗೆ ಬಾಣ ಬಿಟ್ಟ, ಬಿಸಿಲು ಒಳಗೆ ಬಂತು. ರಾಕ್ಷಸನಿಗೆ ಬಿಸಿಲು ಆಗಿಬರುವುದಿಲ್ಲ ಎಂಬುದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಹೊಳೆಯಿತು.

ಎರಡನೇ ಪುಸ್ತಕದಲ್ಲಿ ಅವನು ರಕ್ತಪಿಶಾಚಿಯಾದ. ಆರನೆಯದರಲ್ಲಿ ಈಡಮ್ ಎಂಬ ರಾಕ್ಷಸಲೋಕದಲ್ಲಿ ಎಲ್ಲರೂ ಸಿಕ್ಕಿಬಿದ್ದಾಗ, ಅವರನ್ನು ಮನೆಗೆ ಕಳಿಸಲು ಅಲ್ಲಿನ ದೊರೆ ಅಸ್ಮೋಡಿಯಸ್‌ಗೆ ತನ್ನ ಅಮರತ್ವ ಕೊಟ್ಟ. ಜೊತೆಗೆ ನೆನಪನ್ನೂ ಕೊಡಬೇಕಾಯಿತು. ಕ್ಲೇರಿ ಯಾರು, ತಾನು ಪ್ರೀತಿಸಿದ ಶ್ಯಾಡೋಹಂಟರ್ ಹುಡುಗಿ ಇಸಬೆಲ್ ಯಾರು, ಒಂದೂ ಗೊತ್ತಿಲ್ಲದವನಾಗಿ ಮರಳಿದ. ಇದಕ್ಕಿಂತ ಸರಿಯಾದ ಮುಕ್ತಾಯ ಈ ಸರಣಿಗೆ ಇರಲಿಲ್ಲ ಅಂತ ನನ್ನ ನಂಬಿಕೆ. ನೀವೇನಂತೀರಿ?

ಇರುಳ್ ಹಕ್ಕಿ:
ನಾನು ಒಪ್ಪುವುದಿಲ್ಲ. ಬೆಲೆ ತೆತ್ತದ್ದು ಸೈಮನ್ ಅಲ್ಲ, ಇಸಬೆಲ್. ಅವನಿಗೆ ಏನು ಕಳೆದುಕೊಂಡೆ ಎಂಬುದೇ ಗೊತ್ತಿಲ್ಲ. ಅವಳಿಗೆ ಪ್ರತಿಯೊಂದೂ ನೆನಪಿದೆ.

ಇಸಬೆಲ್ ಯಾರನ್ನೂ ಹತ್ತಿರ ಬಿಟ್ಟುಕೊಂಡವಳಲ್ಲ. ಪುಟ್ಟ ತಮ್ಮ ಮ್ಯಾಕ್ಸ್ ಏನನ್ನೋ ಕಂಡೆ ಅಂದಾಗ ಅವಳು ನಂಬಲಿಲ್ಲ. ಮೂರನೇ ಪುಸ್ತಕದಲ್ಲಿ ಅವನು ಸತ್ತ. ಆ ನೋವು ಹೊತ್ತುಕೊಂಡೇ ಅವಳು ಸೈಮನ್ ಹತ್ತಿರ ಬಂದಳು. ಅಂಥವಳು ಕೊನೆಗೆ ಒಬ್ಬನನ್ನು ನಂಬಿದ ಹೊತ್ತಿಗೇ ಅವನು ಅವಳನ್ನು ಗುರುತಿಸದ ಹಾಗೆ ಮಾಡಿದರು. ಅದಾಗಿ ಕೆಲವೇ ಪುಟಗಳಲ್ಲಿ ಮಾಂತ್ರಿಕ ಮ್ಯಾಗ್ನಸ್ ಬಂದು ಸೈಮನ್‌ನನ್ನು ಹುಡುಕುತ್ತಾನೆ, ನೆನಪಿನ ಚೂರುಗಳು ಮರಳತೊಡಗುತ್ತವೆ! ಕಿತ್ತುಕೊಳ್ಳುವುದಾದರೆ ಪೂರ್ತಿ ಕಿತ್ತುಕೊಳ್ಳಬೇಕಿತ್ತು, ಇಲ್ಲ ಮುಟ್ಟಲೇಬಾರದಿತ್ತು. ನಮ್ಮನ್ನು ಸುಮ್ನೆ ಅಳಿಸಿದ ಹಾಗಾಯಿತು.

ಮಲೆನಾಡ ಮಳೆ:
ಇರುಳ್ ಹಕ್ಕಿ ಅಕ್ಕ, ಇಸಬೆಲ್ ವಿಷಯದಲ್ಲಿ ನಿಮ್ಮ ಮಾತು ನನ್ನ ಮಾತೂ ಹೌದು. ಆದರೆ ನೆನಪಿನ ಈ ಕಥೆ ಆರನೇ ಪುಸ್ತಕದಲ್ಲಿ ಹುಟ್ಟಿದ್ದಲ್ಲ. ಕ್ಲೇರಿ ಚಿಕ್ಕವಳಿದ್ದಾಗಿನಿಂದ ಅವಳ ತಾಯಿ ಜೋಸೆಲಿನ್ ಎರಡು ವರ್ಷಕ್ಕೊಮ್ಮೆ ಅವಳನ್ನು ಮ್ಯಾಗ್ನಸ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು. ಕಂಡದ್ದನ್ನೆಲ್ಲ ಮರೆಸುವುದಕ್ಕೆ. ಕಥೆಯ ಖಳನಾಯಕ, ಕ್ಲೇರಿಯ ತಂದೆ ವ್ಯಾಲೆಂಟೈನ್‌ನಿಂದ ಮಗಳನ್ನು ಕಾಪಾಡಬೇಕು ಅಂತ. ಪ್ರೀತಿಯಿಂದಲೇ ಮಾಡಿದಳು, ಆದರೆ ಮಗಳನ್ನು ಕೇಳಲಿಲ್ಲ.

ನಾಲ್ಕನೇ ಪುಸ್ತಕಕ್ಕೆ ಬನ್ನಿ. ಸೈಮನ್‌ನ ಅಮ್ಮನಿಗೆ ಅವನ ಕೋಣೆಯಲ್ಲಿ ರಕ್ತದ ಬಾಟಲಿ ಸಿಗುತ್ತದೆ. ಮಗನನ್ನೇ ಪಿಶಾಚಿ ಅನ್ನುತ್ತಾಳೆ. ಅವನು ತನ್ನ ಶಕ್ತಿ ಬಳಸಿ ಅವಳಿಗೆ ಅದನ್ನೆಲ್ಲ ಮರೆಸಿಬಿಡುತ್ತಾನೆ. ಆ ಭಾಗ ಓದಿದಾಗ ನನಗೆ ತುಂಬಾ ಸಂಕಟವಾಯಿತು. ಜೋಸೆಲಿನ್ ಮಾಡಿದ್ದನ್ನೇ ಇವನೂ ಮಾಡಿದ, ಅಲ್ವಾ? ಈಗ ಈಡಮ್ ನೋಡಿ. ಇಲ್ಲಿ ಯಾರೂ ಕದ್ದು ಮರೆಸುತ್ತಿಲ್ಲ. ಸೈಮನ್ ಎಲ್ಲ ತಿಳಿದೇ, ಬೇರೆಯವರ ನೆನಪನ್ನು ಮುಟ್ಟದೆ, ತನ್ನದನ್ನು ಮಾತ್ರ ಕೊಡುತ್ತಾನೆ. ಅದಕ್ಕೇ ಆ ಕೆಲಸ ಅವನಿಂದಲೇ ಆಗಬೇಕಿತ್ತು ಅನ್ನಿಸುತ್ತದೆ.

ನೀಲಿ ಬೆಕ್ಕು:
ಒಂದು ವಿಷಯ ಯಾರೂ ಹೇಳಲಿಲ್ಲ. ಮೊದಲು ಮುಂದೆ ಬಂದವನು ಮ್ಯಾಗ್ನಸ್. ಅಸ್ಮೋಡಿಯಸ್ ಅವನ ತಂದೆ. ಅಮರತ್ವ ಕೊಟ್ಟರೆ ಬದುಕಿದ ನೂರಾರು ವರ್ಷ ಒಟ್ಟಿಗೇ ಮೈಮೇಲೆ ಬಂದು ತಾನು ಸಾಯುತ್ತೇನೆ ಅಂತ ಗೊತ್ತಿದ್ದೂ ಒಪ್ಪಿಕೊಂಡಿದ್ದ. ಅವನು ಪ್ರೀತಿಸುವ ಅಲೆಕ್, ಇಸಬೆಲ್‌ಳ ಅಣ್ಣ, ಪಕ್ಕದಲ್ಲೇ ನಿಂತಿದ್ದಾನೆ. ಸೈಮನ್ ಅಡ್ಡ ಬಂದದ್ದು ಆಗ. ಅವನ ವಯಸ್ಸು ಸಣ್ಣದು, ಅಮರತ್ವ ಹೋದರೂ ಜೀವ ಉಳಿಯುತ್ತದೆ. ಅವನ ಲೆಕ್ಕ ಸರಿಯಾಗಿಯೇ ಇತ್ತು.

ಮೂರನೇ ಪುಸ್ತಕದಲ್ಲಿ ಯುದ್ಧಕ್ಕೆ ಮುಂಚೆ ಅಲೆಕ್ ಅಪ್ಪ ಅಮ್ಮನ ಎದುರು, ಸಭಾಂಗಣದ ತುಂಬ ಜನರ ಎದುರು ಮ್ಯಾಗ್ನಸ್‌ಗೆ ಮುತ್ತಿಟ್ಟ. ಆ ಪುಸ್ತಕ ಬಂದದ್ದು 2009ರಲ್ಲಿ. ಹದಿಹರೆಯದವರ ಪುಸ್ತಕಗಳಲ್ಲಿ ಅಂಥದ್ದು ಆಗ ನನ್ನ ಕೈಗೆ ಸಿಕ್ಕೇ ಇರಲಿಲ್ಲ. ಮ್ಯಾಗ್ನಸ್ ಹುಟ್ಟಿದ್ದು ಇಂದಿನ ಇಂಡೋನೇಷ್ಯಾದಲ್ಲಿ, ತಾಯಿ ಅಲ್ಲಿಯವಳೇ. ನ್ಯೂಯಾರ್ಕಿನ ಕಥೆಯಲ್ಲಿ ನಮ್ಮ ಕಡೆಯ ಮುಖವೊಂದು ಇಷ್ಟು ಠೀವಿಯಿಂದ ಓಡಾಡುವುದು ನನಗೆ ದೊಡ್ಡ ಸಂತೋಷ. ಆ ಜೋಡಿ ಉಳಿಯಿತಲ್ಲ, ಅಷ್ಟಕ್ಕೇ ಸೈಮನ್‌ಗೆ ಕೈ ಮುಗಿಯುತ್ತೇನೆ.

ಕೋಟೆ ಬಾಗಿಲು:
ನನ್ನ ಮಾತು ಯಾರಿಗೂ ಹಿಡಿಸಲಿಕ್ಕಿಲ್ಲ. ಸರಣಿ ಮೂರನೇ ಪುಸ್ತಕಕ್ಕೇ ನಿಲ್ಲಬೇಕಿತ್ತು. 2007ರಿಂದ 2009ರವರೆಗೆ ಬಂದ ಮೂರರಲ್ಲಿ ವ್ಯಾಲೆಂಟೈನ್ ಕಥೆ ಅಚ್ಚುಕಟ್ಟಾಗಿ ಮುಗಿದಿದೆ. 2011ರಿಂದ 2014ರವರೆಗೆ ಬಂದ ಉಳಿದ ಮೂರರಲ್ಲಿ ಅಲೆಕ್‌ನ ಅನುಮಾನ, ಜೇಸ್‌ನ ನರಳಾಟ, ಇವೇ ಜಾಸ್ತಿ. ಜೇಸ್ ಮತ್ತು ಕ್ಲೇರಿ ಅಣ್ಣ ತಂಗಿ ಎಂದು ನಂಬಿಸಿ ಎರಡು ಪುಸ್ತಕ ಎಳೆದದ್ದನ್ನೂ ನಾನು ಮೆಚ್ಚುವುದಿಲ್ಲ. ಅದರಿಂದ ಕಥೆಗೆ ಏನು ಸಿಕ್ಕಿತು?

ಸಂಪಿಗೆ ರೋಡ್:
ಕೋಟೆ ಬಾಗಿಲು ಅವರೇ, ಅಣ್ಣ ತಂಗಿ ವಿಷಯದಲ್ಲಿ ನಿಮ್ಮೊಂದಿಗೆ ಜಗಳವಿಲ್ಲ. ಆದರೆ ಮೂರಕ್ಕೇ ನಿಂತಿದ್ದರೆ ಸೈಮನ್ ಅರ್ಧದಲ್ಲೇ ಉಳಿಯುತ್ತಿದ್ದ. ರಕ್ತಪಿಶಾಚಿಗಳಿಂದ ಅವನ ಜೀವ ಉಳಿಸಲು ಕ್ಲೇರಿ ಅವನ ಹಣೆಗೆ ಕೇನ್‌ನ ಗುರುತು (ಹಾನಿ ಮಾಡಿದವರಿಗೇ ಹಾನಿ ತಿರುಗಿಸುವ ರೂನ್) ಹಾಕುವುದು ಮೂರನೆಯದರಲ್ಲಿ. ಅದನ್ನು ಹೊತ್ತು ತಿರುಗುವುದು ಅಂದರೇನು, ಮನೆಯಿಂದ ಹೊರಗಾಗುವುದು ಅಂದರೇನು, ಅದೆಲ್ಲ ಬರುವುದು ನಂತರದ ಪುಸ್ತಕಗಳಲ್ಲೇ. ಅಲೆಕ್‌ನ ಅನುಮಾನವೂ ನನಗೆ ನಿಜ ಅನ್ನಿಸಿತು. ತಾನು ಮುದುಕನಾಗುತ್ತೇನೆ, ಪ್ರೀತಿಸಿದವನು ಹೀಗೇ ಇರುತ್ತಾನೆ ಅಂತ ಹದಿನೆಂಟರ ಹುಡುಗನಿಗೆ ತಿಳಿದರೆ ಅವನು ಹೆದರದೆ ಇರುತ್ತಾನಾ?

ಮಲೆನಾಡ ಮಳೆ:
ಟಿವಿ ಸರಣಿ ನೋಡಿದವರು ಇದ್ದೀರಾ? 2016ರಿಂದ 2019ರವರೆಗೆ ಬಂದ ‘ಶ್ಯಾಡೋಹಂಟರ್ಸ್’ನಲ್ಲಿ ಕೊನೆಗೆ ನೆನಪು ಕಳೆದುಕೊಳ್ಳುವುದು ಸೈಮನ್ ಅಲ್ಲ, ಕ್ಲೇರಿ. ಹೊಸ ರೂನ್‌ಗಳನ್ನು ಸೃಷ್ಟಿಸಿದ್ದಕ್ಕೆ ದೇವದೂತರು ಕೊಡುವ ಶಿಕ್ಷೆ ಅದು. ದೃಶ್ಯ ಚೆನ್ನಾಗಿದೆ, ಆದರೆ ಶಿಕ್ಷೆಗೂ ತ್ಯಾಗಕ್ಕೂ ತುಂಬಾ ಅಂತರವಿದೆ. ಅದನ್ನು ನೋಡಿದ ಮೇಲೆ ಪುಸ್ತಕದ ಕೊನೆ ನನಗೆ ಇನ್ನೂ ಹತ್ತಿರವಾಯಿತು.

ಇರುಳ್ ಹಕ್ಕಿ:
ಜೋಸೆಲಿನ್ ಮತ್ತು ಸೈಮನ್ ಅಮ್ಮನ ವಿಷಯ ಹೀಗೆ ಜೋಡಿಸಿ ನೋಡಿರಲಿಲ್ಲ, ಮಳೆ. ಆ ಸರಪಳಿ ಒಪ್ಪುತ್ತೇನೆ. ಆದರೂ ಇಸಬೆಲ್‌ಳನ್ನು ಯಾರು ಕೇಳಿದರು? ನೆನಪು ಅವನದು ಮಾತ್ರ ಅಂದಿರಿ. ಇಬ್ಬರು ಕೂಡಿ ಬದುಕಿದ ದಿನಗಳ ನೆನಪು ಒಬ್ಬನದೇ ಹೇಗಾಗುತ್ತದೆ?

ನೀಲಿ ಬೆಕ್ಕು:
ಅಕ್ಕ, ‘ಟೇಲ್ಸ್ ಫ್ರಮ್ ದಿ ಶ್ಯಾಡೋಹಂಟರ್ ಅಕಾಡೆಮಿ’ ಓದಿದ್ದೀರಾ? ಅರ್ಧಂಬರ್ಧ ನೆನಪಿನ ಸೈಮನ್ ಶ್ಯಾಡೋಹಂಟರ್ ಆಗಲು ಕಲಿಯುವ ಕಥೆಗಳು. ಇಸಬೆಲ್‌ಗೆ ಹಳೆ ಸೈಮನ್ ಬೇಕು, ಇವನಿಗೆ ತಾನು ಅವನಲ್ಲ ಅನ್ನಿಸುತ್ತದೆ. ನಿಮ್ಮ ಪ್ರಶ್ನೆಯೇ ಆ ಪುಸ್ತಕದ ಜೀವಾಳ.

ಇರುಳ್ ಹಕ್ಕಿ:
ಓದಿಲ್ಲ. ಆರನೆಯದು ಮುಗಿಸಿದ ಸಿಟ್ಟಿನಲ್ಲಿ ಅತ್ತ ಹೋಗಿಯೇ ಇರಲಿಲ್ಲ. ಈ ವಾರ ತರಿಸುತ್ತೇನೆ. ಇಸಬೆಲ್‌ಗೆ ಅಲ್ಲಿಯೂ ಅನ್ಯಾಯವಾಗಿದ್ದರೆ ಮಾತ್ರ ನಿಮ್ಮನ್ನೇ ಕೇಳುತ್ತೇನೆ.