ಮಳೆ ನಕ್ಷತ್ರದ ಲೆಕ್ಕ ಎಲ್ಲ ಸೀಮೆಗೂ ಒಂದೇ ಆಗುತ್ತದೆಯೇ?

ಪ್ರಶ್ನೆ (ಶಿರಾ ಕಡೆಯಿಂದ)

ನಮ್ಮದು ಕೆಂಪು ಮಣ್ಣಿನ ಹೊಲ. ಮಳೆಯ ಹೊರತು ಬೇರೆ ನೀರಿಲ್ಲ. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುತ್ತೇವೆ. ಇಂಡಿ ತಾಲ್ಲೂಕಿನವರಾದ ನಮ್ಮ ಮಾವನವರು ಜೋಳ ಬಿತ್ತಲು ಉತ್ತರೆ ಮಳೆ (ಸೂರ್ಯ ಉತ್ತರೆ ನಕ್ಷತ್ರದಲ್ಲಿರುವಾಗ ಬೀಳುವ ಮಳೆ) ಬರುವವರೆಗೆ ಕೂರಿಗೆ ಹೂಡುವುದಿಲ್ಲ. ತೀರ್ಥಹಳ್ಳಿಯ ಸ್ನೇಹಿತರಿಗೋ ಜೂನ್‌ನ ಮೃಗಶಿರ ಹಿಡಿಯುವ ಮೊದಲೇ ಅಡಿಕೆಗೆ ಔಷಧಿ ಹೊಡೆದು ಮುಗಿಸುವ ಆತುರ. ಪಂಚಾಂಗ ಒಂದೇ ಆಗಿರುವಾಗ ಕೆಲಸ ಇಷ್ಟು ಬೇರೆಯಾಗುವುದೇಕೆ? ಜುಲೈನ ಪುನರ್ವಸು, ಪುಷ್ಯ ಎರಡೂ ಒಣಗಿ ಹೋದ ವರ್ಷ ನಾವು ಯಾವ ಮಳೆಯನ್ನು ನಂಬಿ ರಾಗಿ ಬಿತ್ತಬೇಕು?

ಉತ್ತರ 1 (ವಿಜಯಪುರ ಜಿಲ್ಲೆಯಿಂದ)

ನಿಮ್ಮ ಮಾವನವರು ನಂಬಿರುವುದು ಮಳೆಗಿಂತ ಹೆಚ್ಚಾಗಿ ನೆಲವನ್ನು. ನಮ್ಮ ಕಡೆ ಮುಂಗಾರು ಭರವಸೆಯದಲ್ಲ, ಸೆಪ್ಟೆಂಬರ್‌ನಲ್ಲಿಯೇ ಮಳೆ ಹೆಚ್ಚು. ಆಳವಾದ ಎರೆ (ಕಪ್ಪು ಮಣ್ಣಿನ) ಭೂಮಿ ಆ ನೀರನ್ನು ಕುಡಿದು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಆದ್ದರಿಂದ ಮುಂಗಾರಿನುದ್ದಕ್ಕೂ ಹೊಲವನ್ನು ಹರಗಿ, ಕಳೆ ತೆಗೆದು, ಒಡ್ಡು ಸರಿಪಡಿಸಿ, ಉತ್ತರೆ ಮತ್ತು ಹಸ್ತದಲ್ಲಿ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಬಿಳಿಜೋಳ ಬಿತ್ತುತ್ತೇವೆ. ಆಮೇಲೆ ಹನಿ ಮಳೆ ಬೀಳದಿದ್ದರೂ ಮಾಲ್ದಂಡಿ ಜೋಳ ನೆಲದೊಳಗಿನ ಹಸಿಯಿಂದಲೇ ತೆನೆಗೆ ಬರುವುದುಂಟು. ಎರೆ ಒಣಗಿದಂತೆ ಬಿರಿಯುತ್ತದೆ. ಆ ಬಿರುಕುಗಳಿಂದ ಹಸಿ ಆರಿ ಹೋಗದಿರಲೆಂದು, ಕಳೆ ಇಲ್ಲದಿದ್ದರೂ ಎಡೆ ಹೊಡೆಯುತ್ತೇವೆ (ಸಾಲುಗಳ ನಡುವಿನ ಮೇಲ್ಮಣ್ಣನ್ನು ಸಡಿಲ ಮಾಡುತ್ತೇವೆ). (ಈಗ ಮುಂಗಾರಿಗೇ ತೊಗರಿ ಬಿತ್ತುವವರೂ ಬಹಳ, ಅದರ ಲೆಕ್ಕವೇ ಬೇರೆ.) ನಿಮ್ಮ ಕೆಂಪು ಮಣ್ಣು ಹೀಗೆ ನೀರು ಹಿಡಿಯುವುದಿಲ್ಲವಾದ್ದರಿಂದ ದಯವಿಟ್ಟು ಉತ್ತರೆಯವರೆಗೆ ಕಾಯಬೇಡಿ.

ಉತ್ತರ 2 (ಮಲೆನಾಡಿನಿಂದ)

ನಮಗೆ ಮಳೆ ಬರುತ್ತದೆಯೋ ಇಲ್ಲವೋ ಎಂಬ ಚಿಂತೆಗಿಂತ ಅದು ಬಿಡುವು ಕೊಡುತ್ತದೆಯೋ ಇಲ್ಲವೋ ಎಂಬುದೇ ದೊಡ್ಡದು. ಅಡಿಕೆಯ ಕೊಳೆರೋಗವನ್ನು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಅಭ್ಯಾಸ ಮಾಡಿ 1910ರಲ್ಲಿಯೇ ಬರೆದಿದ್ದಾರೆ. ಅಂದಿನಿಂದ ಇಂದಿನವರೆಗೂ ಮುಖ್ಯ ಮದ್ದು ಬೋರ್ಡೋ ದ್ರಾವಣವೇ: 100 ಲೀಟರ್ ನೀರಿಗೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ. ಗೊನೆ ಒಣಗಿರುವಾಗ ಹೊಡೆದರೆ ಮಾತ್ರ ಅದು ಅಂಟುತ್ತದೆ. ಅದಕ್ಕಾಗಿಯೇ ನಿಮ್ಮ ಸ್ನೇಹಿತರ ಆತುರ. ಎರಡನೆಯ ಸಲದ ಸಿಂಪಡಣೆ 40-45 ದಿನಗಳ ನಂತರ, ಪುನರ್ವಸು-ಪುಷ್ಯದ ಜಡಿಮಳೆಯ ನಡುವೆಯೇ ಬೀಳುತ್ತದೆ. ಆಗ ಪಂಚಾಂಗ ಕೆಲಸಕ್ಕೆ ಬರುವುದಿಲ್ಲ. ಒಂದು ದಿನದ ಹೊಳವು (ಮಳೆಯ ಬಿಡುವು) ಸಿಕ್ಕರೆ ಮರ ಹತ್ತುವವರು ಸಿಗುವುದಿಲ್ಲ.

ಉತ್ತರ 3 (ತುಮಕೂರಿನಿಂದ)

ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುವುದರಿಂದ ಮಳೆ ನಕ್ಷತ್ರವು ಕ್ಯಾಲೆಂಡರಿನ ಒಂದು ಭಾಗವೇ ಹೊರತು ಮುನ್ಸೂಚನೆಯಲ್ಲ. ಅದೂ ಋತುಗಳಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತಿದೆ. ಒಂದು ತಲೆಮಾರಿನಲ್ಲಿ ಇದು ಗೊತ್ತಾಗುವಂಥದ್ದಲ್ಲ. ಆದರೆ ಸಾವಿರ ವರ್ಷಗಳಲ್ಲಿ ಸುಮಾರು ಒಂದು ಇಡೀ ನಕ್ಷತ್ರದಷ್ಟು ವ್ಯತ್ಯಾಸವಾಗುತ್ತದೆ.

ನಿಮ್ಮ ರಾಗಿಯ ವಿಷಯಕ್ಕೆ ಬಂದರೆ, ಮಳೆಯ ಹೆಸರು ನೋಡದೆ ಹೊಲವನ್ನು ಅಗೆದು ನೋಡಿ. ಒಂದು ಗೇಣು ಆಳದವರೆಗೆ ಹದ (ಬಿತ್ತನೆಗೆ ಬೇಕಾದ ಹಸಿ) ಸಿಕ್ಕ ದಿನವೇ ಬಿತ್ತನೆಯ ದಿನ. ಜುಲೈನಲ್ಲಿ ಹದ ಸಿಕ್ಕರೆ ಎಂಆರ್-1ರಂಥ ದೀರ್ಘಾವಧಿ ತಳಿ, ಆಗಸ್ಟ್‌ಗೆ ಜಾರಿದರೆ ಅದಕ್ಕಿಂತ ಬೇಗ ಬರುವ ಜಿಪಿಯು-28 ಅಥವಾ ಎಂಎಲ್-365 ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಮಳೆಯೇ ಹೆಚ್ಚು ನಂಬಿಕೆಯದು. ತೆನೆ ಹೊರಡುವ ಹೊತ್ತಿಗೆ ಅದು ಸಿಗುವಂತೆ ಹಿಂದಕ್ಕೆ ಎಣಿಸಿದರೆ ಪುಷ್ಯ-ಆಶ್ಲೇಷದ ಹದ ತಡವೇನಲ್ಲ. ಆಗಸ್ಟ್ ಕೊನೆಯ ಮಘೆಯೂ ಒಣಗಿದರೆ ರಾಗಿಯ ಆಸೆ ಬಿಟ್ಟು ಹುರುಳಿ ಚೆಲ್ಲಿ. ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ. ಬೀಜ, ಗೊಬ್ಬರ ಹೊರತೆಗೆಯುವ ಮೊದಲು ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬಿತ್ತನೆ ಆಗಸ್ಟ್‌ಗೆ ಹೋದರೆ ಅಕ್ಕಡಿ ಸಾಲನ್ನು ಕೈಬಿಡಬೇಕೇ?

ಉತ್ತರ 3 ಬರೆದವರು

ತೊಗರಿಯನ್ನು ಬಿಡಿ, ತಡವಾದರೆ ಗಿಡ ಕುಳ್ಳಾಗಿ ಇಳುವರಿ ಬೀಳುತ್ತದೆ. ಅವರೆಯನ್ನು ಬಿಡಬೇಡಿ. ನಾಟಿ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಬಿಡುವುದರಿಂದ ತಡವಾಗಿ ಬಿತ್ತಿದರೂ ಚಳಿಗಾಲಕ್ಕೆ ಕಾಯಿ ಕೊಡುತ್ತದೆ. ರಾಗಿ ಕೊಯ್ದ ಮೇಲೆ ಹೊಲ ಪೂರ್ತಿ ಅದರದ್ದೇ ಆಗುವುದರಿಂದ, ಸಾಲುಗಳ ಅಂತರವನ್ನು ಮಾತ್ರ ತೀರ ಹತ್ತಿರ ಮಾಡಬೇಡಿ.